ಕಪ್ಪತಗುಡ್ಡದ ಮಗ್ಗುಲಲ್ಲಿ ಒಂದು ದಿನ

ಗದಗಿನಿಂದ ಸುಮಾರು 12 ಕಿ.ಮೀ. ದೂರದ ಹರ್ತಿ, ಪ್ರವಾಸಿಗರು ಹುಡುಕಿಕೊಂಡು ಬರುವ ಊರೆಂದು ಹೆಸರಾದುದಲ್ಲ. ಬಸವೇಶ್ವರ ದೇವಸ್ಥಾನ ಇಲ್ಲಿಯ ಗುಡಿಗಳಲ್ಲೆಲ್ಲ ದೊಡ್ಡದು. ಪಾರ್ವತಿ-ಪರಮೇಶ್ವರರ ಗುಡಿಯಲ್ಲಿ ಚಾಲುಕ್ಯರ ಕಾಲದ ಕೆತ್ತನೆಗಳಿವೆ. ಎಳ್ಳಮಾವಾಸ್ಯೆಯ ಸುಮಾರಿಗೆ ಈ ಸೀಮೆಯ ಎರೆಭೂಮಿಯನ್ನು ನೋಡಬೇಕು. ಒಂದು ಕಡೆ ಬಿಳಿಜೋಳ, ಇನ್ನೊಂದು ಕಡೆ ಕಡಲೆ, ನಡುನಡುವೆ ಕುಸುಬಿ. ಎಲ್ಲದರ ಮೇಲೂ ಇಬ್ಬನಿ. ಹೊಲಕ್ಕೆ ಚರಗ ಚೆಲ್ಲಿ ಬಂದ ಮೇಲೆ ಒಕ್ಕಲು ಮಕ್ಕಳಿಗೆ ತುಸು ಬಿಡುವು. ಅಂಥದೊಂದು ಬಿಡುವಿನ ದಿನ ಹರ್ತಿಯ ಕೆಲವು ಕುಟುಂಬಗಳು ವ್ಯಾನು ಮಾಡಿಕೊಂಡು ಲಕ್ಷ್ಮೇಶ್ವರ, ಶಿರಹಟ್ಟಿ, ಡಂಬಳಗಳನ್ನು ನೋಡಿಬರಲು ಹೊರಟಾಗ, ಶಾಸನಗಳ ವಿಷಯ ಹೇಳುವುದಕ್ಕೆಂದು ನಮ್ಮನ್ನೂ ಕರೆದವು.

ನಮಗೆ ಎರಡು ದಿನಗಳಿಂದ ನೆಗಡಿ. ಜ್ವರವಿರಲಿಲ್ಲ, ಸೀನು, ಗಂಟಲು ಕೆರೆತ, ತಲೆಭಾರ ಇಷ್ಟೇ. ಆದರೂ ವ್ಯಾನಿನಲ್ಲಿ ಹಸುಗೂಸೊಂದಿತ್ತು, ಉಬ್ಬಸದ ಹಿರಿಯರೊಬ್ಬರಿದ್ದರು. ಆದ್ದರಿಂದ ಬಾಣಂತಿಯನ್ನೂ ಆ ಹಿರಿಯರನ್ನೂ ಮುಂದೆ ಕೂಡಿಸಿ, ನಾವು ಹಿಂದಿನ ಸಾಲಿನ ಕಿಟಕಿಯ ಬಳಿ ಕುಳಿತು ಮೂಗು-ಬಾಯಿಗೆ ವಸ್ತ್ರ ಕಟ್ಟಿಕೊಂಡೆವು. ಕಿಟಕಿಯ ಗಾಜನ್ನು ಸರಿಸಿದೆವು. ಆಗ ಪಕ್ಕದ ಸಾಲಿನ ತಾಯಿಯೊಬ್ಬರು ಗಾಬರಿಯಾದರು.

“ಶಾಸ್ತ್ರಿಗಳ, ಗಾಜು ಹಾಕ್ರಿ! ಥಂಡಿ ಗಾಳಿ ಬಡದ್ರ ನೆಗಡಿ ಇನ್ನೂ ಜೋರ ಆಗತೈತ್ರಿ.”

“ಅವ್ವಾ, ನಮ್ಮ ನೆಗಡಿ ಹೆಂಗಾದರೂ ಹೋಗತೈತಿ. ಗಾಜು ಹಾಕಿದರ ಅದು ನಿಮಗೆಲ್ಲ ಬರತೈತಿ” ಎಂದೆವು.

ಈ ಮಾತನ್ನು ತುಸು ಬಿಡಿಸಿ ಹೇಳಬೇಕು. ನೆಗಡಿಯ ಮೂಲ ಚಳಿಯಲ್ಲ, ವೈರಾಣು. ಅದನ್ನು ತರುವ ವೈರಾಣುಗಳು 200ಕ್ಕೂ ಹೆಚ್ಚು ಬಗೆಯವೆಂದು ವೈದ್ಯಶಾಸ್ತ್ರ ಹೇಳುತ್ತದೆ. ಚಳಿಗೆ ಅಂಜಿ ಜನ ಕದ-ಕಿಟಕಿ ಮುಚ್ಚಿ ಒತ್ತಾಗಿ ಕೂಡುವುದು ಚಳಿಗಾಲದಲ್ಲಿ ನೆಗಡಿ ಹೆಚ್ಚುವುದಕ್ಕೆ ಒಂದು ಕಾರಣ. ಮುಚ್ಚಿದ ವಾಹನದಲ್ಲಿ ಒಬ್ಬನ ಉಸಿರನ್ನೇ ಎಲ್ಲರೂ ಉಸಿರಾಡಬೇಕಾಗುತ್ತದೆ. 2020ರ ಮಹಾಮಾರಿ ಈ ಪಾಠವನ್ನು ಮನೆಮನೆಗೂ ಕಲಿಸಿತ್ತು; ನಾವು ಬೇಗ ಮರೆಯುತ್ತಿದ್ದೇವೆ. ಆ ತಾಯಿ ಪೂರ್ತಿ ಒಪ್ಪಲಿಲ್ಲ. ತಮ್ಮ ಕಂಬಳಿಯನ್ನು ನಮ್ಮ ಹೆಗಲಿಗೆ ಹೊದಿಸಿ, ಎರಡು ಬೆರಳಗಲ ಗಾಜು ತೆರೆದಿರಲು ಅಪ್ಪಣೆ ಕೊಟ್ಟರು!

ಲಕ್ಷ್ಮೇಶ್ವರ ಮುಟ್ಟುವಷ್ಟರಲ್ಲಿ ಬಿಸಿಲೇರಿತ್ತು. ಹಳೆಯ ಪುಲಿಗೆರೆ ಇದೇ. ಸೋಮೇಶ್ವರನ ಗುಡಿ, ಶಂಖ ಬಸದಿ ಎರಡೂ ಇಲ್ಲಿವೆ. ಪುಲಿಗೆರೆಗೆ ಸೋಮನಾಥನನ್ನು ತಂದ ಆದಯ್ಯನ ಕಥೆಯನ್ನು ಮಕ್ಕಳಿಗೆ ಹೇಳಿದೆವು. ಧ್ವನಿ ಒಡೆದಿದ್ದರಿಂದ ಕಥೆ ಚಿಕ್ಕದಾಯಿತು. ಮಕ್ಕಳಿಗೆ ಸಂತೋಷವೇ ಆಯಿತೆಂದು ತೋರುತ್ತದೆ. ಹಿಂದೂ-ಮುಸ್ಲಿಂ ಭಕ್ತರಿಬ್ಬರೂ ನಡೆದುಕೊಳ್ಳುವ ಶಿರಹಟ್ಟಿಯ ಫಕೀರೇಶ್ವರ ಮಠದ ದರ್ಶನ ಮಾಡಿಕೊಂಡು ಬುತ್ತಿ ಬಿಚ್ಚಿದೆವು. ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಗುರೆಳ್ಳು ಚಟ್ನಿ, ಶೇಂಗಾ ಹೋಳಿಗೆ. ಬೆಳಗಿನ ತಾಯಿ ಫ್ಲಾಸ್ಕಿನಿಂದ ಶುಂಠಿ, ಮೆಣಸು, ಬೆಲ್ಲದ ಕಷಾಯ ಬಗ್ಗಿಸಿ ಕೊಟ್ಟರು. ಕಷಾಯ ವೈರಾಣುವನ್ನು ಕೊಲ್ಲದಿರಬಹುದು; ಗಂಟಲಿಗೆ ಮಾತ್ರ ಹಿತವಾಯಿತು.

ಅಲ್ಲಿಂದ ಡಂಬಳದ ಕಡೆಗೆ ಹೊರಟ ಮೇಲೆ ಕಪ್ಪತಗುಡ್ಡ ಕಣ್ಣಿಗೆ ತುಂಬಿತು. ಬೆಟ್ಟದ ಏಣಿನ ಮೇಲೆ ಸಾಲಾಗಿ ತಿರುಗುವ ಗಾಳಿಯಂತ್ರಗಳು, ಇಳಿಜಾರಿನಲ್ಲಿ ಒಣಗುತ್ತಿದ್ದ ಹುಲ್ಲು. ಔಷಧಿಯ ಗಿಡಮೂಲಿಕೆಗಳಿಗೆ ಈ ಗುಡ್ಡ ಹೆಸರುವಾಸಿ. ವ್ಯಾನು ನಿಂತಾಗ ತರುಣನೊಬ್ಬ, “ಅಜ್ಜಾರ, ನಿಮ್ಮ ನೆಗಡಿಗೆ ಅಮೃತಬಳ್ಳಿ ಹುಡುಕಿ ತರ್ತೀನ್ರಿ” ಎಂದು ಗುಡ್ಡದ ಕಡೆ ಹೊರಟ. ಅವನ ಅಂತಃಕರಣ ದೊಡ್ಡದು. ಆದರೂ ತಡೆದೆವು.

ತಡೆಯುವುದಕ್ಕೆ ಕಾರಣವಿತ್ತು. 2015ರಲ್ಲಿ ಈ ಗುಡ್ಡವನ್ನು ಸರ್ಕಾರ ಸಂರಕ್ಷಿತ ಪ್ರದೇಶವೆಂದು ಸಾರಿತು. 2016ರಲ್ಲಿ ಆ ಆದೇಶವನ್ನು ಹಿಂದೆಗೆದುಕೊಂಡಿತು. ಗಣಿಗಾರಿಕೆಗೆ ಬಾಗಿಲು ತೆರೆಯುವುದೆಂದು ಜನ ಕಳವಳಗೊಂಡರು. 2017ರಲ್ಲಿ ಗದಗಿನ ತೋಂಟದಾರ್ಯ ಮಠದ ಡಾ. ಸಿದ್ಧಲಿಂಗ ಮಹಾಸ್ವಾಮಿಗಳ ಮುಂದಾಳುತನದಲ್ಲಿ ಹೋರಾಟ ನಡೆಯಿತು. ಅದೇ ವರ್ಷ ರಕ್ಷಣೆ ಮರಳಿ ದೊರೆಯಿತು. 2018ರಲ್ಲಿ ಶ್ರೀಗಳು ಲಿಂಗೈಕ್ಯರಾದರು. ಮರುವರ್ಷ, 2019ರಲ್ಲಿ, ಸುಮಾರು 244 ಚದರ ಕಿ.ಮೀ. ಪ್ರದೇಶ ವನ್ಯಜೀವಿಧಾಮವಾಯಿತು. ಇಷ್ಟು ಜನ ಕೂಡಿ ಉಳಿಸಿಕೊಂಡ ಗುಡ್ಡದಿಂದ ಒಬ್ಬ ಮುದುಕನ ಸೀನಿಗಾಗಿ ಬಳ್ಳಿ ಕೀಳುವುದು ತರವಲ್ಲ. ಬಂದವರೆಲ್ಲ ಒಂದೊಂದೇ ಬಳ್ಳಿ ಕಿತ್ತರೆ ಗಣಿಯ ಯಂತ್ರ ಬರುವ ಅಗತ್ಯವೇ ಇಲ್ಲ. “ಅಮೃತಬಳ್ಳಿ ನಿಮ್ಮ ಹಿತ್ತಲ ಬೇಲಿಗೂ ಹಬ್ಬತೈತಿ, ಒಂದು ತುಂಡು ನೆಟ್ಟು ನೋಡಪಾ” ಎಂದಾಗ ಹುಡುಗ ನಕ್ಕು ಬಂದು ವ್ಯಾನು ಹತ್ತಿದ.

ಡಂಬಳದ ದೊಡ್ಡಬಸಪ್ಪನ ಗುಡಿಯನ್ನು ಇಳಿಹೊತ್ತಿನ ಬೆಳಕಿನಲ್ಲಿ ಕಂಡೆವು. ನಕ್ಷತ್ರದಂತೆ ಕೋನಕೋನವಾಗಿ ತಿರುಗುವ ಅದರ ಗೋಡೆಯ ಮೇಲೆ ನೆರಳು-ಬೆಳಕು ಮಡಿಕೆಮಡಿಕೆಯಾಗಿ ಬೀಳುತ್ತವೆ. ಇದೇ ಊರಿನ 1095ರ ಶಾಸನವೊಂದು ಬೌದ್ಧರ ತಾರಾದೇವಿಯನ್ನು ಸ್ತುತಿಸುತ್ತದೆ. ಶೈವ, ಜೈನ, ಬೌದ್ಧ, ಸೂಫಿ ಪರಂಪರೆಗಳೆಲ್ಲ ಒಂದೇ ಗುಡ್ಡದ ಗಾಳಿಯನ್ನು ಉಸಿರಾಡಿ ಬೆಳೆದ ನಾಡಿದು.

ಚಳಿಗಾಲದಲ್ಲಿ ಹೀಗೆ ಹೊರಡುವ ಕುಟುಂಬಗಳಿಗೆ ನಮ್ಮ ವಿನಂತಿ ಇಷ್ಟೆ. ನೆಗಡಿಯಾದವರು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಲಿ. ಕೂಸುಗಳಿಂದ, ಹಿರಿಯರಿಂದ ದೂರ ಕೂಡಲಿ. ಕಿಟಕಿ ತುಸುವಾದರೂ ತೆರೆದಿರಲಿ. ಜ್ವರ ಏರಿದರೆ, ಉಸಿರು ಕಟ್ಟಿದರೆ ಕಷಾಯವನ್ನು ನಂಬಿ ಕೂಡದೆ ವೈದ್ಯರಲ್ಲಿಗೆ ಹೋಗಬೇಕು. ಗುಡ್ಡದ ಬಳಿ ಬೀಡಿಯ ತುಂಡು ಎಸೆಯಬೇಡಿರಿ. ಒಣಹುಲ್ಲಿಗೆ ಒಂದು ಕಿಡಿ ಸಾಕು. ವ್ಯಾನಿನೊಳಗಿನ ಉಸಿರಾಗಲಿ, ಗುಡ್ಡದ ಮೇಲಿನ ಗಾಳಿಯಾಗಲಿ, ಒಬ್ಬರ ಸ್ವತ್ತಲ್ಲ; ಕೆಡಿಸದೆ ಇನ್ನೊಬ್ಬರಿಗೆ ಬಿಟ್ಟುಕೊಡುವುದೂ ಒಂದು ದಾಸೋಹವೇ.