ಲೋಡ್ ಇದ್ದಾಗ ಮಾತ್ರ

ಆಗೊಮ್ಮೆ ಈಗೊಮ್ಮೆ ಕಾಣಿಸಿಕೊಳ್ಳೋ ಬಗ್ ಇದೆಯಲ್ಲ, ಸಾಫ್ಟ್‌ವೇರ್‌ನಲ್ಲಿ ಅದರಷ್ಟು ತಲೆನೋವು ಇನ್ನೊಂದಿಲ್ಲ. ನಾವು ನೋಡುವಾಗ ಸುಮ್ಮನಿರುತ್ತೆ, ಕಸ್ಟಮರ್ ಮುಂದೆ ಕೈಕೊಡುತ್ತೆ. "ನನ್ನ ಲ್ಯಾಪ್‌ಟಾಪಲ್ಲಿ ಸರಿಯಾಗೇ ಇದೆಯಲ್ಲ" ಅಂತ ಟಿಕೆಟ್ ಮುಚ್ಚಿಬಿಡ್ತೀವಿ. ನಮ್ಮಪ್ಪನ ದೂರನ್ನೂ ನಾನು ಹಾಗೇ ಮುಚ್ಚಿದ್ದೆ.

ನಮ್ಮೂರು ಆದಿವಾಲ, ಹಿರಿಯೂರಿನ ಪಕ್ಕ. ಬೆಂಗಳೂರಿಂದ ಚಿತ್ರದುರ್ಗಕ್ಕೆ ಹೋಗುವಾಗ ನೀವು ಗಮನಿಸದೇ ದಾಟಿರ್ತೀರ. ಅಪ್ಪನ ಹತ್ರ 18 ವರ್ಷದ ಡೀಸೆಲ್ ಪಿಕಪ್ ಒಂದಿದೆ. ಈರುಳ್ಳಿ, ತೆಂಗಿನಕಾಯಿ, ನೆಂಟರ ಮದುವೆ ಸಾಮಾನು, ಎಲ್ಲದಕ್ಕೂ ಅದೇ. ಗೌರಿ ಹಬ್ಬ ಕಳೆದ ಮೇಲೆ ಫೋನಲ್ಲಿ ಒಂದೇ ಮಾತು: "ಗಾಡಿ ಉಸ್ರು ಕಟ್ತೈತೆ ಕಣಪ್ಪ."

"ಮಾರಿಬಿಡಿ ಅಪ್ಪ" ಅನ್ನೋದು ನನ್ನ ಸಿದ್ಧ ಉತ್ತರ.

ದಸರಾಕ್ಕೆ ಹೋದಾಗ ನಾನೇ ಓಡಿಸಿ ನೋಡಿದೆ. ಊರೊಳಗೆ ಎರಡು ಸುತ್ತು, ಏನೂ ತೊಂದರೆಯಿಲ್ಲ. ಕಾರಿಗೆ ಬಳಸ್ತಿದ್ದ ಸ್ಕ್ಯಾನರ್ ತಗೊಂಡು ಹೋಗಿದ್ದೆ; ಅದನ್ನ ಚುಚ್ಚೋಕೆ ಈ ಗಾಡಿಯಲ್ಲಿ ಜಾಗವೇ ಇಲ್ಲ. ಮೆಕ್ಯಾನಿಕ್ ಆಗಲೇ ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್ ಬದಲಾಯಿಸಿ, ಪೈಪುಗಳ ಜಾಯಿಂಟೆಲ್ಲ ಬಿಗಿ ಮಾಡಿದ್ದ. ಇನ್ನು ಉಳಿದಿದ್ದು ಪಂಪ್ ಬಿಚ್ಚೋದು. ಅದಕ್ಕೆ ಸಾವಿರಗಟ್ಟಲೆ ಖರ್ಚು.

ಬಿಚ್ಚೋ ಮುಂಚೆ ಅವನು ಅಪ್ಪನ್ನ ಕೂರಿಸಿಕೊಂಡು ಕೇಳಿದ. "ಯಾವಾಗ ಆಗುತ್ತೆ ಯಜಮಾನ್ರೆ? ಲೋಡ್ ಇತ್ತಾ? ಎಷ್ಟು ದೂರ ಹೋದ್ಮೇಲೆ? ಆಮೇಲೆ ಹೆಂಗ್ ಸರಿಹೋಗುತ್ತೆ?"

ಅಪ್ಪನ ಹತ್ರ ಎಲ್ಲಕ್ಕೂ ಉತ್ತರ ಇತ್ತು. ಟ್ಯಾಂಕ್ ತುಂಬಿಸಿ, ಲೋಡ್ ಹಾಕ್ಕೊಂಡು ಹೊರಟ್ರೆ ಐಮಂಗಲ ದಾಟಿ ಸ್ವಲ್ಪ ದೂರಕ್ಕೆ ಎಳೆಯೋದು ನಿಲ್ಲಿಸುತ್ತೆ. ಬದಿಗೆ ಹಾಕಿ ಒಂದು ಟೀ ಕುಡಿದು ಬಂದ್ರೆ ಮತ್ತೆ ಎಳೆಯುತ್ತೆ. ಖಾಲಿ ಗಾಡಿಗೆ ಏನೂ ಆಗಲ್ಲ.

ಮಾರನೇ ದಿನ ಮೂವರೂ ಈರುಳ್ಳಿ ಮೂಟೆ ಹೇರಿಕೊಂಡು ಹೊರಟ್ವಿ. ಐಮಂಗಲ ದಾಟಿ ಸ್ವಲ್ಪ ಮುಂದೆ, ಆಕ್ಸಿಲರೇಟರ್ ಪೂರ್ತಿ ಒತ್ತಿದ್ರೂ ಗಾಡಿ ಮುಂದಕ್ಕೆ ಹೋಗ್ತಿಲ್ಲ. ನಿಲ್ಲಿಸಿದ ಕೂಡಲೇ ಮೆಕ್ಯಾನಿಕ್ ಬಾನೆಟ್ ಕಡೆ ಹೋಗಲಿಲ್ಲ. ನೇರ ಡೀಸೆಲ್ ಟ್ಯಾಂಕ್ ಹತ್ರ ಹೋಗಿ ಕ್ಯಾಪ್ ತಿರುಗಿಸಿದ. ಸುಯ್ಯ್ ಅಂತ ಗಾಳಿ ಒಳಗೆ ಎಳೆದುಕೊಳ್ಳೋ ಸದ್ದು. ಮತ್ತೆ ಸ್ಟಾರ್ಟ್ ಮಾಡಿದ್ರೆ ಗಾಡಿ ಹಳೇ ಜೋರಲ್ಲಿ ಹೊರಟಿತು.

ವಿಷಯ ಇಷ್ಟೇ. ಟ್ಯಾಂಕಿಂದ ಡೀಸೆಲ್ ಹೋದಷ್ಟೂ ಅದರ ಜಾಗಕ್ಕೆ ಗಾಳಿ ಬರಬೇಕು. ಅದಕ್ಕೇ ಆ ಗಾಡಿಯ ಕ್ಯಾಪ್‌ನಲ್ಲಿ ಒಂದು ಸಣ್ಣ ತೂತು ಇರುತ್ತೆ. ಗಾಳಿ ಬರದಿದ್ರೆ ಒಳಗೆ ನಿರ್ವಾತ ಹೆಚ್ಚಾಗಿ ಪಂಪ್‌ಗೆ ಡೀಸೆಲ್ ಎಳೆಯೋಕೆ ಆಗಲ್ಲ. ಟ್ಯಾಂಕ್ ತುಂಬಿದ್ದಾಗ ಒಳಗಿರೋ ಗಾಳಿಯೇ ಕಮ್ಮಿ, ಹಾಗಾಗಿ ಬೇಗ ಕಟ್ಟಿಕೊಳ್ಳುತ್ತೆ. ನಿಂತು ಟೀ ಕುಡಿಯೋ ಹೊತ್ತಿಗೆ ಎಲ್ಲಿಂದಲೋ ಗಾಳಿ ನಿಧಾನಕ್ಕೆ ನುಸುಳಿ ಗಾಡಿ ಸರಿಯಾಗುತ್ತೆ.

"ಈ ಬೀಗದ ಕ್ಯಾಪ್ ಯಾರು ಹಾಕಿದ್ದು? ಗಾಳಿ ತೂತೇ ಇಲ್ವಲ್ಲ!" ಅಂದ ಮೆಕ್ಯಾನಿಕ್.

ಅಪ್ಪ ರಸ್ತೆ ಕಡೆ ನೋಡ್ತಾ ನಿಂತ್ರು, ನನ್ನ ಹೆಸರು ಹೇಳಲಿಲ್ಲ. ಡೀಸೆಲ್ ಕದೀತಾರೆ ಅಂತ ಗೌರಿ ಹಬ್ಬಕ್ಕೆ ಆನ್‌ಲೈನಲ್ಲಿ ತರಿಸಿ ಹಾಕಿದ್ದು ನಾನೇ. ಆಫೀಸಲ್ಲಿ ಏನು ಕೆಟ್ಟರೂ ನಾವು ಮೊದಲು ಕೇಳೋದು "ಇತ್ತೀಚೆಗೆ ಏನು ಬದಲಾಯಿಸಿದ್ದೀರಿ?" ಅಂತ. ಇಲ್ಲಿ ಅದನ್ನ ನಾನು ಕೇಳಲೇ ಇಲ್ಲ. ಅಪ್ಪ ಸೀಟಿನ ಕೆಳಗಿಂದ ಹಳೇ ಕ್ಯಾಪ್ ತೆಗೆದು ಕೊಟ್ರು.

ರಾತ್ರಿ ಊಟಕ್ಕೆ ಕೂತಾಗ ಈ ಕತೆಯನ್ನ ಅಮ್ಮನಿಗೆ ಹೇಳ್ತಿದ್ದೆ. ಅಮ್ಮ ಅನ್ನ ಬಡಿಸ್ತಾ, "ಅವರೂ ಹಂಗೇ ಅಂತಾರೆ, ತೋಟಕ್ಕೆ ಹೋಗುವಾಗ ಉಸ್ರು ಕಟ್ತೈತೆ ಅಂತ" ಅಂದ್ರು. ಅದು ನನಗೂ ಗೊತ್ತಿತ್ತು. ಕ್ಲಿನಿಕ್‌ನಲ್ಲಿ ಮಲಗಿಸಿ ತೆಗೆದ ಇಸಿಜಿ ನಾರ್ಮಲ್ ಬಂದಿತ್ತು. ಗ್ಯಾಸ್ ಇರ್ಬೇಕು ಅಂತ ನಾನೇ ಮಾತ್ರೆ ಹೇಳಿದ್ದೆ.

ಕೈ ತೊಳೆದು ಬಂದು ಅಪ್ಪನ ಪಕ್ಕ ಕೂತೆ. ಯಾವಾಗ ಆಗುತ್ತೆ? ಎಷ್ಟು ದೂರ ನಡೆದ್ಮೇಲೆ? ಕೈಯಲ್ಲಿ ಭಾರ ಇತ್ತಾ? ಹೆಂಗ್ ಸರಿಹೋಗುತ್ತೆ?

"ಏರಿ ಹತ್ತುವಾಗ ಕಣಪ್ಪ. ಗೊಬ್ಬರದ ಚೀಲ ಹೊತ್ರೆ ಜಾಸ್ತಿ. ಐದು ನಿಮಿಷ ನಿಂತ್ರೆ ಏನೂ ಇಲ್ಲ."

ಮುಂದಿನ ವಾರ ಬೆಂಗಳೂರಲ್ಲಿ ಟ್ರೆಡ್‌ಮಿಲ್ ಮೇಲೆ ನಡೆಸಿದ್ರು. ನಾಲ್ಕನೇ ನಿಮಿಷಕ್ಕೆ ಡಾಕ್ಟರೇ ನಿಲ್ಲಿಸಿಬಿಟ್ರು. ಆಮೇಲೆ ಆಂಜಿಯೋಗ್ರಾಮ್, ಒಂದು ಸ್ಟೆಂಟ್. ಹೃದಯದ ರಕ್ತನಾಳ ಕಿರಿದಾಗಿದ್ರೂ ಸುಮ್ಮನೆ ಮಲಗಿದ್ದಾಗ ತೆಗೆದ ಇಸಿಜಿ ಸರಿಯಾಗೇ ಕಾಣಬಹುದು, ಹೃದಯಕ್ಕೆ ಕೆಲಸ ಕೊಟ್ಟಾಗಲೇ ಗೊತ್ತಾಗೋದು ಅಂತ ಡಾಕ್ಟರ್ ವಿವರಿಸಿದ್ರು. ಊರೊಳಗೆ ಖಾಲಿ ಗಾಡಿಯಲ್ಲಿ ಹೊಡೆದ ಎರಡು ಸುತ್ತು ನೆನಪಾಯ್ತು.

ಈಗ ಅಪ್ಪ ಚೀಲ ಹೊರಲ್ಲ. ಗಾಡಿ ಮಾತ್ರ ಮಾರಿಲ್ಲ. ಫೋನಲ್ಲಿ ಏನಾದ್ರೂ ಹೇಳಿದ್ರೆ ನಾನು "ಯಾವಾಗ ಅಪ್ಪ? ಎಷ್ಟು ದೂರ ಹೋದ್ಮೇಲೆ?" ಅಂತ ಶುರು ಮಾಡ್ತೀನಿ.

"ಗಾಡಿಗಾ, ನಂಗಾ?" ಅಂತ ಕೇಳ್ತಾರೆ.