ಹತ್ತು ದಿನ, 610 ಎಸೆತ

ಕ್ರಿಕೆಟ್ ಬಿಟ್ಟರೆ ಬೇರೆ ಆಟದ ಮಾತು ನಮ್ಮ ಮನೆಗಳಲ್ಲಿ ಕಡಿಮೆ. ಆದರೂ ದಕ್ಷಿಣ ಕೊರಿಯಾದ ಒಬ್ಬ ಬೇಸ್‌ಬಾಲ್ ಆಟಗಾರನ ಬಗ್ಗೆ ಹೇಳಬೇಕು ಅಂತ ತುಂಬ ದಿನದಿಂದ ಅಂದುಕೊಂಡಿದ್ದೆ. ಹೆಸರು ಚೊಯ್ ಡಾಂಗ್-ವೊನ್. ಹುಟ್ಟಿದ್ದು 1958ರಲ್ಲಿ, ಬಂದರು ನಗರ ಬುಸಾನ್‌ನಲ್ಲಿ. ಕನ್ನಡಕ ಹಾಕಿಕೊಂಡೇ ಆಡುತ್ತಿದ್ದ. ಆತ ಪಿಚರ್, ಅಂದ್ರೆ ನಮ್ಮ ಬೌಲರ್ ಇದ್ದ ಹಾಗೆ. ತಂಡ ತನ್ನೂರಿನದೇ, ಲೊಟ್ಟೆ ಜೈಂಟ್ಸ್. ನಮ್ಮ ಅಂಗಡಿಗಳಲ್ಲಿ ಚೊಕೊ ಪೈ ಸಿಗುತ್ತಲ್ಲ, ಅದೇ ಲೊಟ್ಟೆ.

ಒಂದು ಪಂದ್ಯ ಪೂರ್ತಿ ಎಸೆದ ಪಿಚರ್‌ಗೆ ನಾಲ್ಕೈದು ದಿನ ವಿಶ್ರಾಂತಿ ಕೊಡೋದು ಈಗಿನ ಪದ್ಧತಿ. 1984ರ ಫೈನಲ್ ಸರಣಿಯಲ್ಲಿ ಲೊಟ್ಟೆಗೆ ಎದುರಾಳಿ ಬಲಿಷ್ಠ ಸ್ಯಾಮ್‌ಸಂಗ್ ಲಯನ್ಸ್. ಏಳು ಪಂದ್ಯಗಳಲ್ಲಿ ನಾಲ್ಕು ಗೆದ್ದವರಿಗೆ ಕಪ್. ಚೊಯ್ ಐದು ಪಂದ್ಯಗಳಲ್ಲಿ ಎಸೆದ, ಅದರಲ್ಲಿ ನಾಲ್ಕು ಪಂದ್ಯ ಪೂರ್ತಿ. ತಂಡದ ನಾಲ್ಕೂ ಗೆಲುವು ಅವನ ಹೆಸರಿನಲ್ಲೇ ಇವೆ. ಅಕ್ಟೋಬರ್ 6ಕ್ಕೆ ಪೂರ್ತಿ ಪಂದ್ಯ ಎಸೆದು ಸೋತ. ಮರುದಿನವೇ ಮತ್ತೆ ಬಂದು ಐದು ಇನಿಂಗ್ಸ್ ಎಸೆದು ಗೆಲ್ಲಿಸಿದ. ಒಂದೇ ದಿನ ಬಿಟ್ಟು ಕೊನೇ ಪಂದ್ಯವನ್ನೂ ಪೂರ್ತಿ ಎಸೆದ. ಹತ್ತು ದಿನದಲ್ಲಿ 610 ಎಸೆತ! ನಮ್ಮ ಲೆಕ್ಕದಲ್ಲಿ ನೂರು ಓವರ್ ದಾಟುತ್ತೆ. ಅದೂ ಆ ವರ್ಷದ ಲೀಗ್‌ನಲ್ಲಿ 27 ಪಂದ್ಯ ಗೆದ್ದು, 223 ಸ್ಟ್ರೈಕ್‌ಔಟ್ ಮಾಡಿ ದಣಿದಿದ್ದ ತೋಳಿನಿಂದ. ಆ 223ರ ದಾಖಲೆ 2021ರವರೆಗೂ ಉಳಿದಿತ್ತು.

ತಮಾಷೆ ನೋಡಿ, ಸರಣಿಯ ಶ್ರೇಷ್ಠ ಆಟಗಾರ ಪ್ರಶಸ್ತಿ ಸಿಕ್ಕಿದ್ದು ಕೊನೇ ಪಂದ್ಯದಲ್ಲಿ ಹೋಮ್ ರನ್ ಹೊಡೆದ ಯೂ ಡೂ-ಯಲ್‌ಗೆ. ಚೊಯ್‌ಗೆ ಇಡೀ ಋತುವಿನ ಪ್ರಶಸ್ತಿ ಕೊಟ್ಟರು, ನಿಜ. ಆದ್ರೂ ನನಗೆ ಇದು ಅರಗಲ್ಲ.

ಇಲ್ಲಿಯವರೆಗಿನ ಕಥೆಯನ್ನು ಎಲ್ಲರೂ ಉಬ್ಬಿ ಹೇಳ್ತಾರೆ. ನನ್ನನ್ನು ಹೆಚ್ಚು ಕಾಡೋದು 1988. ದೊಡ್ಡ ಸಂಬಳದ ತಾರೆಯಾಗಿದ್ದ ಚೊಯ್ ಆ ವರ್ಷ ಆಟಗಾರರ ಸಂಘ ಕಟ್ಟೋಕೆ ಹೊರಟ. ಅವನಿಗೇನೂ ಕಮ್ಮಿ ಇರಲಿಲ್ಲ. ಕಡಿಮೆ ಸಂಬಳದಲ್ಲಿ ದುಡಿಯುತ್ತಿದ್ದ ಸಹ ಆಟಗಾರರ ಯೋಚನೆ ಅವನದು. ತಂಡಗಳ ಮಾಲೀಕರು ಒಪ್ಪಲಿಲ್ಲ. ಅದೇ ನವೆಂಬರ್‌ನಲ್ಲಿ ಲೊಟ್ಟೆ ಅವನನ್ನು ಬಿಟ್ಟುಕೊಟ್ಟಿತು, ಅದೂ ಯಾರಿಗೆ? ನಾಲ್ಕು ವರ್ಷದ ಹಿಂದೆ ಅವನು ಮಣಿಸಿದ್ದ ಸ್ಯಾಮ್‌ಸಂಗ್‌ಗೆ!

ನಮ್ಮ ಐಟಿಯಲ್ಲೂ ಹೀಗೇ. ರಿಲೀಸ್ ಸಮಯದಲ್ಲಿ ಮೂರು ರಾತ್ರಿ ನಿದ್ದೆಗೆಟ್ಟವನಿಗೆ ಮೀಟಿಂಗ್‌ನಲ್ಲಿ ಚಪ್ಪಾಳೆ. ಅವನೇ ನಾಳೆ ಕೆಲಸದ ಗಂಟೆ ಬಗ್ಗೆ ಬಾಯಿಬಿಟ್ಟರೆ ಪಕ್ಕದವರೂ ಲ್ಯಾಪ್‌ಟಾಪ್ ಕಡೆ ನೋಡ್ತಾರೆ.

ಬುಸಾನ್ ಬಿಟ್ಟ ಮೇಲೆ ಚೊಯ್ ಹಳೇ ಚೊಯ್ ಆಗಲೇ ಇಲ್ಲ. 1990ಕ್ಕೆ ಆಟ ಮುಗಿಯಿತು. ವಯಸ್ಸು ಬರೀ 32, ಗೆಲುವು ಒಟ್ಟು 103. ಮುಂದೆ ಬೇರೆ ತಂಡದಲ್ಲಿ ಕೋಚ್ ಆದ, ಲೊಟ್ಟೆಯಲ್ಲಿ ಮಾತ್ರ ಆ ಅವಕಾಶ ಬರಲಿಲ್ಲ. ಆಟಗಾರರ ಸಂಘ ಕೊನೆಗೂ ಆಗಿದ್ದು 2000ದಲ್ಲಿ.

2011ರ ಸೆಪ್ಟೆಂಬರ್ 14ರಂದು ಕರುಳಿನ ಕ್ಯಾನ್ಸರ್‌ನಿಂದ ತೀರಿಕೊಂಡ, 53ನೇ ವಯಸ್ಸಿಗೆ. ಅದೇ ತಿಂಗಳು ಲೊಟ್ಟೆ ಅವನ 11ನೇ ನಂಬರಿನ ಜೆರ್ಸಿ ಇನ್ಯಾರಿಗೂ ಇಲ್ಲ ಅಂತ ಘೋಷಿಸಿತು. ಎರಡು ವರ್ಷದ ಮೇಲೆ ಬುಸಾನ್‌ನ ಸಜಿಕ್ ಕ್ರೀಡಾಂಗಣದ ಮುಂದೆ ಅವನ ಪ್ರತಿಮೆ ನಿಂತಿತು.