ಬೆಳಗಿನ ನೀರು, ಮಧ್ಯಾಹ್ನದ ನೀರು

ನಾವು ನಾಲ್ಕು ಜನ. ಮೂವರು ದಿನಾ ಬಸ್ಸಲ್ಲಿ ಬರೋರು, ಒಬ್ಬ ಬೀದರಿನವನು, ಹಾಸ್ಟೆಲಲ್ಲಿ ಇರೋನು. ಮಿನಿ ಪ್ರಾಜೆಕ್ಟಿಗೆ ಆರಿಸಿಕೊಂಡ ವಿಷಯ, ಸಮುದ್ರದ ನೀರನ್ನು ಕುಡಿಯುವ ನೀರು ಮಾಡುವುದು. ಹೆಸರು ದೊಡ್ಡದು, ಸಾಮಾನು ಚಿಕ್ಕದು: ಮನೆಯ ಪ್ಯೂರಿಫೈಯರಿನ ಒಂದು ಆರ್‌ಓ ಮೆಂಬ್ರೇನ್, ಒಂದು ಪಂಪು, ಎರಡು ಬಕೆಟ್.

ಸಮುದ್ರದ ನೀರಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಇರುತ್ತೆ. ಅದನ್ನು ಮೆಂಬ್ರೇನ್ ಮೂಲಕ ತಳ್ಳೋಕೆ 55ರಿಂದ 70 ಬಾರ್ ಒತ್ತಡ ಬೇಕು. ನಮ್ಮ ಪಂಪು 6 ಬಾರ್ ದಾಟಲ್ಲ. ಹಾಗಾಗಿ ಲೀಟರಿಗೆ 2 ಗ್ರಾಂ ಉಪ್ಪು ಹಾಕಿ ಶುರು ಮಾಡಿದ್ವಿ.

ಡಿಸೆಂಬರ್ ತಿಂಗಳು. ಬೆಳಿಗ್ಗೆ ಆರೂವರೆಗೆ ರೀಡಿಂಗ್ ತೆಗೆಯೋದು ಹಾಸ್ಟೆಲಿನವನ ಪಾಲು, ಮಧ್ಯಾಹ್ನ ನಮ್ಮ ಪಾಲು. ನಮಗೆ ನಿಮಿಷಕ್ಕೆ 150 ಎಂಎಲ್ ಶುದ್ಧ ನೀರು ಸಿಗ್ತಿತ್ತು, ಅವನಿಗೆ 112. "ನಿದ್ದೆಗಣ್ಣಲ್ಲಿ ವಾಲ್ವ್ ಸರಿಯಾಗಿ ತಿರುಗಿಸಿಲ್ಲ ಮಗಾ, ಪ್ರೆಶರ್ ಬಂದಿಲ್ಲ" ಅಂದ್ವಿ. ಗೇಜ್ ಅಷ್ಟೇ ತೋರಿಸ್ತಿತ್ತು ಅಂತ ಅವನು ಎಷ್ಟು ಹೇಳಿದರೂ ನಂಬಲಿಲ್ಲ. ಅವನ ರೀಡಿಂಗುಗಳ ಮೇಲೆ ಕೆಂಪು ಪೆನ್ನಿನಲ್ಲಿ ಗೀಟು ಎಳೆದ್ವಿ. ಮಾರನೇ ದಿನದಿಂದ ಅವನು ಲ್ಯಾಬಿಗೆ ಬರಲಿಲ್ಲ.

ರಿವ್ಯೂ ದಿನ ಸರ್ ಪುಸ್ತಕ ತಿರುವಿ ಕೇಳಿದ್ದು ಒಂದೇ ಪ್ರಶ್ನೆ. "ನೀರು ಎಷ್ಟು ಡಿಗ್ರಿ ಇತ್ತು?"

ಆ ಕಾಲಮ್ಮೇ ನಮ್ಮಲ್ಲಿ ಇರಲಿಲ್ಲ.

ನೀರು ತಣ್ಣಗಾದಷ್ಟೂ ಅದರ ಸ್ನಿಗ್ಧತೆ ಹೆಚ್ಚುತ್ತೆ, ಅಂದ್ರೆ ಹರಿಯೋಕೆ ಸೋಮಾರಿ ಆಗುತ್ತೆ. 5 ಡಿಗ್ರಿ ನೀರಿನ ಸ್ನಿಗ್ಧತೆ 25 ಡಿಗ್ರಿ ನೀರಿಗಿಂತ ಸುಮಾರು 1.7 ಪಟ್ಟು. ಒತ್ತಡ ಬದಲಾಗದಿದ್ದರೂ ಒಂದೊಂದು ಡಿಗ್ರಿ ಇಳಿದಂತೆ ಮೆಂಬ್ರೇನ್ ಕೊಡುವ ನೀರು ಹೆಚ್ಚುಕಡಿಮೆ 3 ಶೇಕಡಾ ಇಳಿಯುತ್ತೆ. ಕಂಪನಿಗಳು ಮೆಂಬ್ರೇನಿನ ಸಾಮರ್ಥ್ಯವನ್ನು 25 ಡಿಗ್ರಿಗೆ ಅಂತ ಬರೆಯೋದು ಅದಕ್ಕೇ.

ಆಮೇಲೆ ಸರ್ ಟಿಡಿಎಸ್ ಕಾಲಮ್ಮಿನ ಮೇಲೆ ಬೆರಳಿಟ್ಟರು. ನಮ್ಮ ನೀರು 90, ಅವನದು 81. ಪ್ರೆಶರ್ ಕಡಿಮೆ ಆಗಿದ್ದರೆ ನೀರು ಕಡಿಮೆ ದಾಟುತ್ತೆ, ಉಪ್ಪು ಮಾತ್ರ ಮೊದಲಿನಷ್ಟೇ ದಾಟುತ್ತೆ. ಆಗ ಟಿಡಿಎಸ್ ಏರಬೇಕಿತ್ತು. ಇಳಿದಿದೆ ಅಂದ್ರೆ ತಪ್ಪು ವಾಲ್ವಿನದಲ್ಲ. ಚಳಿಯಲ್ಲಿ ನೀರಿನ ಜೊತೆ ಉಪ್ಪೂ ನಿಧಾನವಾಗುತ್ತೆ, ನೀರಿಗಿಂತ ಸ್ವಲ್ಪ ಹೆಚ್ಚೇ. ನೀರು ಕಮ್ಮಿ, ಆದರೆ ಹೆಚ್ಚು ಶುದ್ಧ. ಅವನು ಸರಿ ಅನ್ನೋ ಸಾಕ್ಷಿ ನಾವು ಗೀಟು ಎಳೆದ ಸಾಲಲ್ಲೇ ಇತ್ತು.

ಅವತ್ತು ರಾತ್ರಿ ಮೂವರೂ ಅಂಟಾರ್ಕ್ಟಿಕಾದ ಮೆಕ್‌ಮರ್ಡೊ ಕೇಂದ್ರದ ಬಗ್ಗೆ ಓದಿದ್ವಿ. ಅಮೆರಿಕದವರ ಆ ಕೇಂದ್ರದಲ್ಲಿ ಕುಡಿಯುವ ನೀರು ಬರೋದು ಸಮುದ್ರದಿಂದ, ಆರ್‌ಓ ಮೂಲಕವೇ. ಅಲ್ಲಿ ಸಮುದ್ರ ಸುಮಾರು ಮೈನಸ್ 1.8 ಡಿಗ್ರಿ. ಉಪ್ಪು ಇರೋದರಿಂದ ಮಾತ್ರ ಇನ್ನೂ ಹೆಪ್ಪುಗಟ್ಟಿಲ್ಲ. ಅಂಥಾ ನೀರಿನಿಂದ ಅಷ್ಟೇ ಶುದ್ಧ ನೀರು ಬೇಕಂದ್ರೆ ಇರೋ ದಾರಿ ಮೂರೇ: ಒತ್ತಡ ಹೆಚ್ಚಿಸಬೇಕು, ಇಲ್ಲವೇ ಹೆಚ್ಚು ಮೆಂಬ್ರೇನ್ ಹಾಕಬೇಕು, ಇಲ್ಲವೇ ನೀರನ್ನು ಬೆಚ್ಚಗೆ ಮಾಡಿ ಕೊಡಬೇಕು. ಮೂರಕ್ಕೂ ಖರ್ಚಿದೆ. ಅಲ್ಲಿ ಇದನ್ನೆಲ್ಲ ಲೆಕ್ಕ ಹಾಕ್ತಾರೆ. ನಾವು ಗೆಳೆಯನನ್ನು ಬೈದು ಮುಗಿಸಿದ್ವಿ.

ಮಾರನೇ ಸಂಜೆ ಹಾಸ್ಟೆಲಿಗೆ ಹೋದ್ವಿ. ಏನು ಮಾತಾಡಬೇಕು ಅಂತ ಬಸ್ಸಲ್ಲಿ ಪ್ರಾಕ್ಟೀಸ್ ಮಾಡಿದ್ದೆಲ್ಲ ಮರೆತುಹೋಯ್ತು. "ಸಾರಿ ಮಗಾ, ನಿನ್ನ ರೀಡಿಂಗ್ ಸರಿ ಇತ್ತು" ಅಂದ್ವಿ ಅಷ್ಟೇ. ಅವನು ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, "ನಾಳೆ ಆರೂವರೆಗೆ ಮೂವರೂ ಬರ್ರಿ. ಥರ್ಮಾಮೀಟರ್ ತರ್ರಿ" ಅಂದ.

ಮೊದಲ ಬಸ್ಸು ಹಿಡಿದು ಹೋದ್ವಿ. ಬೆಳಗಿನ ನೀರು 17 ಡಿಗ್ರಿ, ಮಧ್ಯಾಹ್ನ ಬಿಸಿಲಲ್ಲಿಟ್ಟ ಬಕೆಟ್ 27. ಹತ್ತು ಡಿಗ್ರಿಯ ಲೆಕ್ಕ ಹಾಕಿ ಅವನ 112ನ್ನು ತಿದ್ದಿದರೆ ಬಂದಿದ್ದು 150.

ಪುಸ್ತಕದಲ್ಲಿ ಈಗ ಟೆಂಪರೇಚರ್ ಕಾಲಂ ಇದೆ. ಕೆಂಪು ಗೀಟುಗಳೂ ಹಾಗೇ ಇವೆ. ಹೊಸ ಹಾಳೆಯಲ್ಲಿ ಬರೆದುಬಿಡೋಣ ಅಂದ್ರೆ ಅವನೇ ಬೇಡ ಅಂದ.